ಕಚೇರಿ ಪಕ್ಕದ ಕೋಣೆಯೋ, ನಗರದಂಚಿನ ಮನೆಯೋ?

ಓದುಗರ ಸ್ಪಂದನ

ಕಳೆದ ಬಾರಿ ಓದುಗರೊಬ್ಬರು ಹೀಗೆ ಬರೆದಿದ್ದರು: "ದೊಡ್ಡ ನಗರದಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಸೇರಬೇಕು. ಆ ನಗರವನ್ನು ನಾನು ನೋಡಿಯೇ ಇಲ್ಲ. ಕಚೇರಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಸಣ್ಣ ಕೋಣೆ ಇದೆ. ಆದರೆ ಬಾಡಿಗೆಗೇ ಅರ್ಧ ಸಂಬಳ ಹೋಗುತ್ತದೆ. ಅದರ ಅರ್ಧಕ್ಕೆ ನಗರದ ಅಂಚಿನಲ್ಲಿ ಗಾಳಿ ಬೆಳಕಿರುವ ಮನೆಯೇ ಸಿಗುತ್ತದೆ. ಅಲ್ಲಿಂದ ಹೋಗಿ ಬರಲು ಮೂರು ಗಂಟೆ ಅಂತಾರೆ. ನಡುವೆ ಎಲ್ಲೋ ಚಿಕ್ಕಮ್ಮನ ಮನೆ ಇದೆ, ನಮ್ಮಲ್ಲೇ ಇರು ಅಂತ ಕರೆಯುತ್ತಿದ್ದಾರೆ. ನಾನು ಒಬ್ಬಳೇ. ಎಲ್ಲಿ ಇರಲಿ?" ಬಂದ ಉತ್ತರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ.

*

ತಂಗಿ, ಮೊದಲು ಲೆಕ್ಕ ಹಾಕೋಣ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 22 ಕೆಲಸದ ದಿನ ಅಂದರೆ 66 ಗಂಟೆ. ಎಂಟು ಗಂಟೆಗೆ ಒಂದು ದಿನ ಅಂತ ಹಿಡಿದರೆ ಎಂಟು ದಿನಕ್ಕೂ ಜಾಸ್ತಿ ದಾರಿಯಲ್ಲೇ ಕಳೆಯಿತು. ಇಷ್ಟಕ್ಕೆ ನಿಮಗೆ ಉಳಿಯುವುದು ಸಂಬಳದ ಕಾಲು ಭಾಗ. ಅದನ್ನು 66 ಗಂಟೆಗೆ ಹಂಚಿದರೆ, ಕಚೇರಿಯಲ್ಲಿ ಒಂದು ಗಂಟೆಗೆ ಸಿಗುವ ಸಂಬಳದ ಮೂರನೇ ಎರಡು ಭಾಗ ಬರುತ್ತದೆ. ಬಸ್ಸು, ರೈಲಿನ ಖರ್ಚೂ ಅದರಲ್ಲೇ ಕಳೆಯಬೇಕು. ಇದಕ್ಕೆ ಅಷ್ಟು ದೂರ ಓಡಾಡಬೇಕಾ ಅಂತ ನೀವೇ ಯೋಚಿಸಿ.

ಹಾಗಂತ ಹತ್ತಿರದ ಕೋಣೆಗೆ ಅರ್ಧ ಸಂಬಳ ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ವಾ. ಬಾಡಿಗೆ ಸಂಬಳದ ಶೇ 30 ದಾಟಬಾರದು ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದಕ್ಕೊಂದು ಹಿನ್ನೆಲೆ ಇದೆ. ಅಮೆರಿಕದಲ್ಲಿ 1969ರಲ್ಲಿ, ಸರ್ಕಾರಿ ವಸತಿಯಲ್ಲಿರುವವರ ಬಾಡಿಗೆ ಅವರ ಆದಾಯದ ಶೇ 25 ದಾಟದಂತೆ ಕಾನೂನು ಮಾಡಿದರು. 1981ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದರು. ಸರ್ಕಾರಿ ಮನೆಗೆ ಇಟ್ಟ ಮಿತಿ ಅದು, ವೇದವಾಕ್ಯವೇನಲ್ಲ. ನನಗೆ ಅದಕ್ಕಿಂತ ಸರಿ ಕಾಣುವುದು ಷಿಕಾಗೋದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆಯ ಅಳತೆ. ಅವರು ಮನೆ ಖರ್ಚು, ಓಡಾಟದ ಖರ್ಚು ಎರಡನ್ನೂ ಕೂಡಿಸಿ ಶೇ 45ರೊಳಗೆ ಇರಲಿ ಅಂತಾರೆ. ದೂರದ ಅಗ್ಗದ ಮನೆ ನಿಜಕ್ಕೂ ಅಗ್ಗವಾ ಅನ್ನುವುದು ಹೀಗೆ ಕೂಡಿಸಿದಾಗಲೇ ಗೊತ್ತಾಗುವುದು. ನಿಮ್ಮ ಹತ್ತಿರದ ಕೋಣೆ ಬಾಡಿಗೆಯಲ್ಲೇ ಈ ಮಿತಿ ದಾಟಿತು. ನೀವು ಬರೆದ ಎರಡೂ ಜಾಗ ಬಿಟ್ಟು ಮೂರನೆಯದನ್ನು ಹುಡುಕಿ. ಒಂದೇ ಬಸ್ಸು ಅಥವಾ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆಯೊಳಗೆ ತಲುಪುವ ಜಾಗಗಳು ಇದ್ದೇ ಇರುತ್ತವೆ.

ಲೆಕ್ಕಪತ್ರ ನೋಡುವ ಓದುಗರು

*

ನಾನು ಬಸ್ಸು ಓಡಿಸಿ ನಿವೃತ್ತನಾದವನು. ಮನೆ ಹುಡುಕುವವರು ಮೊಬೈಲಿನಲ್ಲಿ ಮ್ಯಾಪ್ ತೆಗೆದು "ಬರೀ ನಲವತ್ತು ನಿಮಿಷ" ಅಂತಾರೆ. ಯಾವ ಹೊತ್ತಿನ ನಲವತ್ತು ನಿಮಿಷ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಮ್ಯಾಪಿನಲ್ಲಿ ಹೊರಡುವ ಸಮಯ ಬದಲಿಸಬಹುದು. ಸೋಮವಾರ ಬೆಳಿಗ್ಗೆ ಎಂಟೂವರೆ ಹಾಕಿ ನೋಡಮ್ಮಾ. ಆಮೇಲೆ ಸಂಜೆ ಆರೂವರೆ ಹಾಕಿ ವಾಪಸ್ ಬರುವ ದಾರಿ ನೋಡು. ಎರಡೂ ಒಂದೇ ಇರುವುದಿಲ್ಲ. ಮನೆ ಬಾಗಿಲಿನಿಂದ ನಿನ್ನ ಕುರ್ಚಿಯವರೆಗೆ ಎಷ್ಟು ಹೊತ್ತು ಅನ್ನುವುದೇ ಲೆಕ್ಕ. ಸ್ಟಾಪಿನಿಂದ ಸ್ಟಾಪಿಗೆ ಎಣಿಸಬೇಡ.

ಕಾಯುವ ಹೊತ್ತನ್ನೂ ಸೇರಿಸು. 20 ನಿಮಿಷಕ್ಕೊಂದು ಬಸ್ಸು ಇದ್ದರೆ, ಸಮಯ ನೋಡದೆ ಸ್ಟಾಪಿಗೆ ಬಂದವರು ಸರಾಸರಿ 10 ನಿಮಿಷ ಕಾಯುತ್ತಾರೆ. ಅದೂ ಬಸ್ಸುಗಳು ಸರಿಯಾಗಿ ಬಂದರೆ. "ಅರ್ಧ ಗಂಟೆಯಿಂದ ಒಂದೂ ಇಲ್ಲ, ಈಗ ಮೂರು ಒಟ್ಟಿಗೆ ಬಂದವು" ಅಂತ ಜನ ನಮ್ಮನ್ನು ಬೈಯುತ್ತಿದ್ದರು. ನಾವು ಬೇಕಂತಲೇ ಹಾಗೆ ಮಾಡುತ್ತಿರಲಿಲ್ಲ. ಒಂದು ಬಸ್ಸು ಎಲ್ಲೋ ಸಿಗ್ನಲ್ಲಿನಲ್ಲಿ ಎರಡು ನಿಮಿಷ ತಡವಾಯಿತು ಅಂತಿಟ್ಟುಕೋ. ಮುಂದಿನ ಸ್ಟಾಪಿನಲ್ಲಿ ಅಷ್ಟು ಜಾಸ್ತಿ ಜನ ಸೇರಿರುತ್ತಾರೆ. ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನೂ ತಡ. ಅದರ ಹಿಂದಿನ ಬಸ್ಸಿಗೆ ಹತ್ತುವವರೇ ಇರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ನಿಲ್ಲುತ್ತದೆ. ಆದ್ದರಿಂದ ಒಂದೇ ರೂಟನ್ನು ನಂಬಿಕೊಂಡ ಜಾಗಕ್ಕಿಂತ ಎರಡು ಮೂರು ರೂಟು ಹಾದು ಹೋಗುವ ಜಾಗ ವಾಸಿ. ದಾರಿಯಲ್ಲಿ ಬಸ್ಸು ಬದಲಿಸಬೇಕಾದರೆ ಕಾಯುವುದೂ ಎರಡು ಸಲ, ನೆನಪಿರಲಿ.

ಇನ್ನೊಂದು ವಿಷಯವನ್ನು ಬ್ರೋಕರ್ ಯಾರೂ ಹೇಳುವುದಿಲ್ಲ. ಬಸ್ಸು ಹೊರಡುವ ಜಾಗದ ಪಕ್ಕ ಮನೆ ಮಾಡಿದರೆ ಸೀಟು ಸಿಗುತ್ತದೆ. ನಾಲ್ಕು ಸ್ಟಾಪು ಮುಂದೆ ಮಾಡಿದರೆ ಹತ್ತು ನಿಮಿಷ ಉಳಿಯಬಹುದು, ಆದರೆ ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತಿರಬೇಕು. ಮೆಟ್ರೊ, ಲೋಕಲ್ ರೈಲಿನದೂ ಇದೇ ಕಥೆ. ಕೂತು ಹೋಗುವ ಐವತ್ತು ನಿಮಿಷ ನಿಂತು ಹೋಗುವ ನಲವತ್ತಕ್ಕಿಂತ ಹಗುರ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತಲೂ ವಿಚಾರಿಸು. ವೇಳಾಪಟ್ಟಿಯಲ್ಲಿ ಒಂದು ಇರುತ್ತದೆ, ನಡೆಯುವುದು ಇನ್ನೊಂದು. ಸ್ಟಾಪಿನ ಎದುರು ಅಂಗಡಿ ಇಟ್ಟವರಿಗೆ ಸರಿಯಾಗಿ ಗೊತ್ತಿರುತ್ತದೆ.

ನಿವೃತ್ತ ಬಸ್ ಚಾಲಕ

*

ದೂರ ಅಂದ ಕೂಡಲೇ ಎಲ್ಲರೂ ಮೂಗು ಮುರಿಯುತ್ತಾರೆ. ನಾನು ವರ್ಷಗಳಿಂದ ನಗರದ ಅಂಚಿನಲ್ಲೇ ಇದ್ದೇನೆ, ಖುಷಿಯಾಗಿಯೇ ಇದ್ದೇನೆ. ಆದರೆ ನನ್ನದು ಒಂದೇ ರೈಲು, ಕೂರಲು ಜಾಗ ಇರುತ್ತದೆ, ಕಚೇರಿಗೆ ಹೋಗುವುದು ವಾರಕ್ಕೆ ಎರಡೇ ದಿನ. ನಿಮಗೆ ವಾರಕ್ಕೆ ಎಷ್ಟು ದಿನ ಅಂತ ನೀವು ಬರೆದಿಲ್ಲ. ಐದು ದಿನವಾದರೆ ದೂರದ ಮನೆ ಬೇಡ. ಎರಡು ದಿನವಾದರೆ ಮನೆಯಲ್ಲೇ ಕೂತು ಕೆಲಸ ಮಾಡುವ ಹೊತ್ತೇ ಜಾಸ್ತಿ. ಆಗ ಬೆಳಕಿಲ್ಲದ ಸಣ್ಣ ಕೋಣೆ ತಲೆ ತಿನ್ನುತ್ತದೆ. ಬಾಯಿಮಾತಿನಲ್ಲಿ ಎರಡು ದಿನ ಅಂದರೆ ನಂಬಬೇಡಿ, ನೇಮಕಾತಿ ಪತ್ರದಲ್ಲಿ ಏನಿದೆ ನೋಡಿ. ಈ ನಿಯಮಗಳು ಮ್ಯಾನೇಜರ್ ಬದಲಾದರೆ ಬದಲಾಗುತ್ತವೆ.

ರೈಲಿನಲ್ಲಿ ಓಡಾಡುವ ಓದುಗರು

*

ನಾನು ಪಾಠ ಹೇಳುವವಳು, ಆದ್ದರಿಂದ ನಾಲ್ಕು ವಾಕ್ಯ ಜಾಸ್ತಿಯಾದರೆ ಕ್ಷಮಿಸಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಮುಂದಿಟ್ಟರು. ಯಾವ ಕಾಲದಲ್ಲೇ ಆಗಲಿ, ಜನ ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟನ್ನು ಓಡಾಟಕ್ಕೆ ಕೊಡುತ್ತಾರೆ ಅಂತ. ನಡೆದೇ ಓಡಾಡುತ್ತಿದ್ದ ಕಾಲದ ಊರುಗಳು ಐದು ಕಿಲೋಮೀಟರ್ ಅಗಲವನ್ನು ದಾಟಿದ್ದು ಕಡಿಮೆ, ಯಾಕೆಂದರೆ ಮನುಷ್ಯ ಗಂಟೆಗೆ ನಡೆಯುವುದೇ ಸುಮಾರು ಅಷ್ಟು. ಟ್ರಾಮು, ರೈಲು, ಕಾರು ಬಂದ ಹಾಗೆ ಊರು ಹಿಗ್ಗಿತು, ಒಂದು ಗಂಟೆ ಮಾತ್ರ ಹಾಗೇ ಉಳಿಯಿತು. ನಿಮ್ಮ ಮೂರು ಗಂಟೆ ಅದರ ಮೂರು ಪಟ್ಟು.

ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಜೊತೆಗಾರರು ಅಮೆರಿಕದ ಟೆಕ್ಸಾಸ್‌ನಲ್ಲಿ 909 ಉದ್ಯೋಗಸ್ಥ ಮಹಿಳೆಯರಿಗೆ, ನಿನ್ನೆಯ ದಿನವನ್ನು ಒಂದೊಂದು ತುಣುಕಾಗಿ ನೆನೆದು ಬರೆಯಲು ಹೇಳಿದ್ದರು. ಯಾವ ಹೊತ್ತಿನಲ್ಲಿ ಮನಸ್ಸು ಹೇಗಿತ್ತು ಅಂತ. 2004ರಲ್ಲಿ ಪ್ರಕಟವಾದ ಆ ಪಟ್ಟಿಯ ಕೆಳತುದಿಯಲ್ಲಿ ಇದ್ದದ್ದು ಬೆಳಗಿನ ಕೆಲಸದ ಪ್ರಯಾಣ. ಸ್ವಿಟ್ಜರ್‌ಲೆಂಡಿನ ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಸಮೀಕ್ಷೆಗಳನ್ನು ಜಾಲಾಡಿದರು. ದೂರ ಹೋಗುವವರು ಅದಕ್ಕೆ ತಕ್ಕ ಒಳ್ಳೆಯ ಸಂಬಳವನ್ನೋ ಒಳ್ಳೆಯ ಮನೆಯನ್ನೋ ಪಡೆದು ಸರಿದೂಗಿಸಿಕೊಂಡಿರಬೇಕು ಅನ್ನುವುದು ಪುಸ್ತಕದ ತರ್ಕ. ಅವರಿಗೆ ಕಂಡದ್ದು ಬೇರೆ: ಪ್ರಯಾಣ ಉದ್ದವಾದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆ. ನನಗನಿಸುವ ಕಾರಣ ಸರಳ. ಮನೆ ನೋಡಲು ಹೋದ ದಿನ ದೊಡ್ಡ ಕೋಣೆ ಕಣ್ಣಿಗೆ ಬೀಳುತ್ತದೆ, ಆ ದಾರಿಯನ್ನು ಪ್ರತಿದಿನ ಸವೆಸಬೇಕು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ.

ಕಾಲೇಜು ಉಪನ್ಯಾಸಕಿ

*

ರಾತ್ರಿ ಪಾಳಿ ಮಾಡುವ ನರ್ಸ್ ನಾನು. ಮನೆಯನ್ನು ಹಗಲಿನಲ್ಲಿ ಒಮ್ಮೆ ನೋಡಿದರೆ ಸಾಲದು, ರಾತ್ರಿ ಹತ್ತರ ಮೇಲೆ ಇನ್ನೊಮ್ಮೆ ಹೋಗಿ. ಸ್ಟಾಪಿನಿಂದ ಮನೆಯವರೆಗೆ ನಡೆದು ನೋಡಿ. ದೀಪ ಇದೆಯಾ, ಅಂಗಡಿ ಬಾಗಿಲು ತೆರೆದಿದೆಯಾ, ಜನ ಓಡಾಡುತ್ತಾರಾ, ಇಲ್ಲಾ ಒಂದು ಕಡೆ ಬರೀ ಉದ್ದದ ಗೋಡೆಯಾ? ಹಗಲು ಚೆಂದ ಕಾಣುವ ನಿಶ್ಶಬ್ದ ಬೀದಿ ರಾತ್ರಿ ಬೇರೆಯೇ ಆಗಿರುತ್ತದೆ. ಆ ಬೀದಿಯ ಹೆಂಗಸರನ್ನು ಕೇಳಿ, ಮನೆ ಓನರನ್ನಲ್ಲ.

ಆಮೇಲೆ ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ರಾತ್ರಿ ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬೆಲ್ ದಾಟದಿರಲಿ ಎಂದಿದೆ. ಅದು ಗ್ರಂಥಾಲಯದಷ್ಟು ಸದ್ದು. ದೊಡ್ಡ ನಗರದ ಮುಖ್ಯ ರಸ್ತೆಯಲ್ಲಿ ಅದನ್ನು ಕೇಳಲೇಬೇಡಿ. ಆದರೆ ಅದೇ ಕಟ್ಟಡದಲ್ಲಿ ರಸ್ತೆ ಕಡೆ ಕಿಟಕಿ ಇರುವ ಕೋಣೆಗೂ ಹಿಂದುಗಡೆಯ ಕೋಣೆಗೂ ತುಂಬಾ ವ್ಯತ್ಯಾಸ. ಬಾಡಿಗೆ ಒಂದೇ ಇದ್ದರೂ ಹಿಂದಿನದನ್ನೇ ಕೇಳಿ. ಒಬ್ಬರೇ ಪೂರ್ತಿ ಬಾಡಿಗೆ ಕಟ್ಟುವ ಬದಲು ಇನ್ನಿಬ್ಬರ ಜೊತೆ ಮನೆ ಹಂಚಿಕೊಂಡರೆ ಕಚೇರಿಗೆ ಹತ್ತಿರವೂ ಕೈಗೆಟುಕಬಹುದು. ಹೊಸ ಊರಿನಲ್ಲಿ ಜ್ವರ ಬಂದಾಗ ಒಂದು ಲೋಟ ನೀರು ಕೊಡುವವರು ಇರುತ್ತಾರೆ, ಅದೇನು ಸಣ್ಣ ವಿಷಯವಾ?

ರಾತ್ರಿ ಪಾಳಿಯ ನರ್ಸ್

*

ನಾನು ಮನೆ ಬಾಡಿಗೆಗೆ ಕೊಡುವವನು, ಹಾಗಾಗಿ ಮುಚ್ಚಿಡುವುದು ಏನೇನು ಅಂತ ಚೆನ್ನಾಗಿ ಗೊತ್ತು. ಒಳಗೆ ಹೋದ ಕೂಡಲೇ ಅಡುಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ ಎರಡನ್ನೂ ಒಟ್ಟಿಗೆ ತಿರುಗಿಸಿ, ಫ್ಲಶ್ ಮಾಡಿ. ನೀರು ಸಣ್ಣಗಾದರೆ ಬೆಳಿಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ಏನಾಗುತ್ತದೆ ಅಂತ ಊಹಿಸಿ. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ತೇವ ಇರಬಹುದು, ಕೈ ಇಟ್ಟು ನೋಡಿ. ಬಾಗಿಲು ಕಿಟಕಿ ಮುಚ್ಚಿ ಯಾರಿಗಾದರೂ ಫೋನ್ ಮಾಡಿ, ಸಿಗ್ನಲ್ ನಿಲ್ಲುತ್ತದಾ ಅಂತ. ಮೇಲಿನ ಮಹಡಿ, ಪಶ್ಚಿಮಕ್ಕೆ ಗೋಡೆ ಇದ್ದರೆ ಬೇಸಿಗೆಯ ಸಂಜೆ ಒಳಗೆ ಕೂರಲಾಗುವುದಿಲ್ಲ. ನೆಲಮಹಡಿಯಾದರೆ ಮಳೆಗಾಲದ ಬಗ್ಗೆ ಪಕ್ಕದವರನ್ನು ವಿಚಾರಿಸಿ, ಹೊರಗೋಡೆಯ ಬುಡದಲ್ಲಿ ನೀರು ನಿಂತ ಗೆರೆ ಕಾಣುತ್ತದಾ ನೋಡಿ.

ಕರಾರಿನಲ್ಲಿ ನೋಡಬೇಕಾದ್ದು: ಎಷ್ಟು ತಿಂಗಳು ಬಿಡುವಂತಿಲ್ಲ, ಬಿಡುವ ಮುಂಚೆ ಎಷ್ಟು ದಿನದ ನೋಟಿಸ್ ಕೊಡಬೇಕು, ಅಡ್ವಾನ್ಸಿನಲ್ಲಿ ಯಾವುದಕ್ಕೆ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ. "ಅದೆಲ್ಲ ನೋಡಿಕೊಳ್ಳೋಣ ಬಿಡಿ" ಅನ್ನುವ ಓನರ್ ನನ್ನಂಥವನೇ ಆದರೂ ನಂಬಬೇಡಿ. ಸಾಮಾನು ಇಳಿಸುವ ಮೊದಲು ಪ್ರತಿ ಗೋಡೆಯ, ಮೀಟರಿನ ಫೋಟೊ ತೆಗೆದು ಅವತ್ತೇ ಓನರಿಗೆ ಕಳಿಸಿ. ಬಿಡುವ ದಿನ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮನೆ ಮಾಲೀಕರು

*

ಚಿಕ್ಕಮ್ಮನ ಕಡೆಯಿಂದ ಯಾರೂ ಬರೆಯಲಿಕ್ಕಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಅಣ್ಣನ ಮಗ, ನಾದಿನಿಯ ಮಗಳು ಎಲ್ಲರೂ ಇದ್ದು ಹೋಗಿದ್ದಾರೆ. ಕರೆಯುವುದು ಪ್ರೀತಿಯಿಂದಲೇ. ಆದರೆ "ಮನೆ ಸಿಗುವವರೆಗೆ ಇರುತ್ತೇನೆ" ಅಂತ ಬರುವವರು ಮನೆಯನ್ನೇ ಹುಡುಕುವುದಿಲ್ಲ ಕಣಮ್ಮಾ. ಬರುವಾಗಲೇ "ಇಂಥ ತಾರೀಕಿಗೆ ಹೊರಡುತ್ತೇನೆ ಚಿಕ್ಕಮ್ಮ" ಅಂತ ಹೇಳಿಬಿಡು. ಖರ್ಚಿಗೆ ಕೈಗೆ ದುಡ್ಡು ಕೊಟ್ಟರೆ ಬೇಡ ಅಂತಾರೆ, ಮನೆ ಸಾಮಾನು ತಂದು ಹಾಕು. ತಡವಾಗಿ ಬರುವ ದಿನ ಫೋನ್ ಮಾಡು. ಬಾಗಿಲು ತೆರೆಯಲು ಎದ್ದಿರುವವರಿಗೂ ಬೆಳಿಗ್ಗೆ ಕೆಲಸ ಇರುತ್ತದೆ.

ಇನ್ನೊಬ್ಬ ಚಿಕ್ಕಮ್ಮ

*

ನೋಡದ ಊರಿನಲ್ಲಿ ಕೂತಲ್ಲಿಂದಲೇ ಮನೆ ಗೊತ್ತು ಮಾಡಬೇಡಿ ಅನ್ನುವುದು ನನ್ನ ಮಾತು. ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದೇ ನನ್ನ ಕೆಲಸ. ಮೋಸ ಹೋಗುವವರು ಹೆಚ್ಚಾಗಿ ಈ ದೂರದಿಂದ ಬುಕ್ ಮಾಡುವವರೇ. ಆ ಮೋಸದ ರೀತಿಯೂ ಒಂದೇ. ಫೋಟೊ ಚೆಂದ, ಬಾಡಿಗೆ ಆ ಏರಿಯಾದ ದರಕ್ಕಿಂತ ಕಡಿಮೆ, ಓನರ್ ಸದ್ಯಕ್ಕೆ ಬೇರೆ ದೇಶದಲ್ಲಿ, ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಹಾಕಿದರೆ ಕೀ ಕಳಿಸುತ್ತೇವೆ. ಫೋಟೊವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದರೆ ಅದು ಬೇರೆ ಯಾವುದೋ ಊರಿನ ಮನೆಯಾಗಿರುತ್ತದೆ. ನೀವು, ಇಲ್ಲವೇ ನಿಮಗೆ ಗೊತ್ತಿರುವವರು ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಕಾಸೂ ಕಳಿಸಬೇಡಿ.

ಮೊದಲ ತಿಂಗಳು ಚಿಕ್ಕಮ್ಮನ ಮನೆ, ಇಲ್ಲವೇ ತಿಂಗಳ ಲೆಕ್ಕದ ಹಾಸ್ಟೆಲ್ ಸಾಕು. ಮಂಚ, ಬೀರು ಕೊಳ್ಳಬೇಡಿ. ಜೊತೆಯಲ್ಲಿ ಕೆಲಸ ಮಾಡುವವರು ಎಲ್ಲೆಲ್ಲಿದ್ದಾರೆ, ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ ಅಂತ ಕೇಳುತ್ತಾ ಬನ್ನಿ. ರಜೆಯ ದಿನ ಒಂದೊಂದು ಏರಿಯಾ ಸುತ್ತಿ. ಕಚೇರಿಗೆ ಅಂಟಿಕೊಂಡ ಮನೆಗಿಂತ ಒಳ್ಳೆಯ ರೈಲು ಮಾರ್ಗಕ್ಕೋ ಬಸ್ಸಿನ ದಾರಿಗೋ ಹತ್ತಿರದ ಮನೆ ನನಗೆ ಹೆಚ್ಚು ಇಷ್ಟ. ಕೆಲಸ ಬದಲಾಗಬಹುದು, ಕಚೇರಿಯೇ ಬೇರೆ ಕಡೆ ಹೋಗಬಹುದು. ಕರಾರಿನ ಅವಧಿ ಮಾತ್ರ ಮುಗಿದಿರುವುದಿಲ್ಲ.

ಸೇರುವ ಮೊದಲೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ನನ್ನ ಟೀಮ್ ಕೂರುವುದು ಯಾವ ಕಟ್ಟಡದಲ್ಲಿ? ವಾರಕ್ಕೆ ಎಷ್ಟು ದಿನ ಬರಬೇಕು? ಪಾಳಿ ಬದಲಾಗುತ್ತದಾ? ಕಂಪನಿ ಗಾಡಿ ಇದೆಯಾ, ಇದ್ದರೆ ಯಾವ ಮಾರ್ಗ? ಮೊದಲ ಕೆಲವು ವಾರದ ವಸತಿ ಖರ್ಚು ಕೊಡುತ್ತಾರಾ? ಕೊನೆಯದನ್ನು ಕೇಳಲು ಹೊಸಬರು ಹಿಂಜರಿಯುತ್ತಾರೆ. ಕೇಳಿದವರಿಗೆ ಕೊಡುವ ಕಂಪನಿಗಳು ಇವೆ.

ನೇಮಕಾತಿ ವಿಭಾಗದ ಓದುಗರು