ಮಾತು ಕಮ್ಮಿ ಇರುವವನು ಗಾಣ ಹಾಕಬಹುದಾ?

ಕೇಳಿದವರು, ತಿಪಟೂರು

ನನಗೆ 36 ವರ್ಷ. ಬೆಂಗಳೂರಿನ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ದುಡಿದಿದ್ದೇನೆ. ಈಗ ಊರಿಗೆ ಬಂದು ಮರದ ಗಾಣ ಹಾಕಿ, ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮಾರಬೇಕು ಅಂತ ಆಸೆ. ದುಡ್ಡಿಗೆ ದಾರಿ ಆಗಿದೆ. ಸ್ವಲ್ಪ ಉಳಿತಾಯ ಇದೆ, ಉಳಿದದ್ದಕ್ಕೆ ಮುದ್ರಾ ಸಾಲ. ಕಾಲು ಹಿಡಿದು ಎಳೆಯುತ್ತಿರುವುದು ಬೇರೆಯದೇ. "ವ್ಯಾಪಾರಕ್ಕೆ ಬಾಯಿ ಬೇಕಪ್ಪ, ನಿನಗೆ ಅದಿಲ್ಲ" ಅಂದರು ನಮ್ಮ ಮಾವ. ಸುಳ್ಳೇನಲ್ಲ, ನಾನು ಮಾತಾಡುವುದು ಕಮ್ಮಿ. ಅಂಗಡಿ ನಡೆಸಿ ಗೊತ್ತಿರುವವರು ಹೇಳಿ, ಮನುಷ್ಯನಲ್ಲಿ ಏನಿದ್ದರೆ ಇದು ನಡೆಯುತ್ತದೆ?

ಜೆರಾಕ್ಸ್ ಅಂಗಡಿ, ಶಿವಮೊಗ್ಗ

ನಾನೂ ನಿಮ್ಮ ಹಾಗೆಯೇ ಸರ್. ಕಾಲೇಜಿನ ಎದುರು ಅಂಗಡಿ ಇಟ್ಟು ಹನ್ನೊಂದು ವರ್ಷ ಆಯಿತು. ಬೆಳಿಗ್ಗೆ 8ಕ್ಕೆ ಶಟರ್ ಎತ್ತುತ್ತೇನೆ, ಎಂಟೂಕಾಲಿಗೆ ಅಲ್ಲ. ಪರೀಕ್ಷೆಯ ದಿನ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಹುಡುಗರು ಓಡಿ ಬರುವುದು ಅಷ್ಟು ಹೊತ್ತಿಗೇ. ಎರಡು ಸಲ ಬೀಗ ನೋಡಿದರೆ ಮೂರನೇ ಸಲ ಈ ಕಡೆ ತಲೆಯೇ ಹಾಕುವುದಿಲ್ಲ. ಪಕ್ಕದ ಅಂಗಡಿಯವರು ನನಗಿಂತ ಎಷ್ಟೋ ಚೆನ್ನಾಗಿ ಮಾತಾಡುತ್ತಿದ್ದರು. ಮದುವೆ, ಗೃಹಪ್ರವೇಶ ಅಂತ ವಾರಕ್ಕೆರಡು ದಿನ ಬಾಗಿಲು ಹಾಕುತ್ತಿದ್ದರು. ಈಗ ಅಲ್ಲಿ ಜ್ಯೂಸ್ ಅಂಗಡಿ ಇದೆ.

ರೊಟ್ಟಿ ವ್ಯಾಪಾರ, ಧಾರವಾಡ

ತಮ್ಮಾ, ಬಾಯಿ ಇಲ್ಲದಿದ್ದರೂ ನಡೆಯುತ್ತದೆ. ಆದರೆ "ರೊಕ್ಕ ಕೊಡ್ರಿ" ಅನ್ನುವ ಒಂದು ಮಾತು ಬರಲೇಬೇಕು. ಅದನ್ನು ಕಲಿಯಲು ನನಗೆ ಐದು ವರ್ಷ ಹಿಡಿಯಿತು.

ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ಒಬ್ಬರು ಪ್ರತಿ ಸಲ "ಅಕ್ಕಾರ, ಮುಂದಿನ ವಾರ" ಅನ್ನುತ್ತಿದ್ದರು. ಕೇಳಿದರೆ ಬೇಸರ ಮಾಡಿಕೊಂಡಾರು ಅಂತ ನಾನೂ ಸುಮ್ಮನಿದ್ದೆ. ಬಾಕಿ ಏರುತ್ತಾ ಏರುತ್ತಾ 38 ಸಾವಿರ ಆಯಿತು. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಸಜ್ಜಿ ರೊಟ್ಟಿಗೆ ಆರ್ಡರ್ ಮೇಲೆ ಆರ್ಡರ್, ಒಂದು ಚೀಲ ಸಜ್ಜಿ ತರಲು ನನ್ನ ಕೈಯಲ್ಲಿ ರೊಕ್ಕ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಅವರ ಗಲ್ಲಾ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಒಂದು ಮಾತೂ ಆಡಲಿಲ್ಲ. ಊಟಕ್ಕೆ ಬಂದವರೆಲ್ಲ ನನ್ನನ್ನು ನೋಡುವುದು, ಅವರನ್ನು ನೋಡುವುದು. ಒಂದು ತಾಸಿನಲ್ಲಿ ಅರ್ಧ ಬಾಕಿ ಕೈಗೆ ಬಂತು! ಮಾತು ಬರದವರಿಗೂ ದಾರಿ ಇದೆ ನೋಡ್ರಿ.

"ಇಂದು ನಗದು, ನಾಳೆ ಉದ್ರಿ" ಬೋರ್ಡು ನಮ್ಮಲ್ಲೂ ಇದೆ, ಅದು ನಗಲಿಕ್ಕೆ. ಹಿಂದಿನ ಬಿಲ್ಲು ತೀರದೆ ಮುಂದಿನ ಕಟ್ಟು ಮನೆಯಿಂದ ಹೊರಡುವುದಿಲ್ಲ.

ಗಾಣದವರು, ತುಮಕೂರು

ಗಾಣ ಅಂದಿರಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮದು ಎರಡು ಗಾಣ, ಏಳನೇ ವರ್ಷ. ನಿಮ್ಮ ಮಾವ ಬಾಯಿ ಬೇಕು ಅಂದದ್ದು ಸರಿಯೇ, ಆದರೆ ಜಗಿದು ನೋಡಲಿಕ್ಕೆ.

ಲೋಡ್ ಬಂದಾಗ ಚೀಲದ ಮೇಲಿನ ಬೀಜ ಯಾವಾಗಲೂ ಚೆನ್ನಾಗಿರುತ್ತದೆ. ನಡುವಿಗೆ ಕೈ ಹಾಕಿ ಒಂದು ಹಿಡಿ ತೆಗೆದು, ಮೂಸಿ, ಜಗಿಯಬೇಕು. ಬೂಸ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಿಕೊಳ್ಳುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ರಿಫೈನ್ ಮಾಡುವಾಗ ಅದು ಹೋಗುತ್ತದೆ. ನಾವು ರಿಫೈನ್ ಮಾಡುವುದಿಲ್ಲ, ಅದೇ ನಮ್ಮ ಹೆಗ್ಗಳಿಕೆ ಅಲ್ವಾ? ಹಾಗಾಗಿ ಬೀಜದಲ್ಲಿದ್ದದ್ದು ಬಾಟಲಿಗೂ ಬರುತ್ತದೆ. ಮೂರನೇ ವರ್ಷ ಚಳ್ಳಕೆರೆ ಕಡೆಯಿಂದ ನಮ್ಮ ನೆಂಟರೇ ಹತ್ತು ಚೀಲ ಕಳಿಸಿದರು. ಎರಡು ಚೀಲದಲ್ಲಿ ಮುಗ್ಗಲು ವಾಸನೆ. "ಒಳ್ಳೆಯದರ ಜೊತೆ ಬೆರೆಸಿ ಆಡಿಸಿಬಿಡು, ಯಾರಿಗೆ ಗೊತ್ತಾಗುತ್ತೆ" ಅಂದರು. ವಾಪಸ್ ಕಳಿಸಿದೆ. ಎರಡು ವರ್ಷ ನಮ್ಮ ಮನೆ ಹಬ್ಬಕ್ಕೆ ಬರಲಿಲ್ಲ. ಇಂಥ ಮುನಿಸು ತಡೆದುಕೊಳ್ಳುವ ಶಕ್ತಿ ಇದೆಯಾ, ಅದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮಾತಿನ ಚಿಂತೆ ಬಿಡಿ.

ಆಮೇಲೆ ರೇಟು. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 10 ರೂಪಾಯಿ ಏರಿದರೆ ನಿಮ್ಮ ಎಣ್ಣೆ ಲೀಟರಿಗೆ 25 ಏರಬೇಕು. ಏರಿಸಿದ ದಿನ ಗಿರಾಕಿ ಪ್ಯಾಕೆಟ್ ಎಣ್ಣೆಯ ರೇಟು ಹೇಳಿ ನಿಮ್ಮ ಮುಖ ನೋಡುತ್ತಾರೆ. ಮೊದಲ ವರ್ಷ ನಾನು ಸಂಕೋಚಕ್ಕೆ ಇಳಿಸಿ ಇಳಿಸಿ ಮಾರಿದೆ, ಕರೆಂಟ್ ಬಿಲ್ಲು ಕೈಯಿಂದ ಕಟ್ಟಿದೆ. ಈಗ ಸ್ಟೂಲ್ ಹಾಕಿ ಗಾಣದ ಪಕ್ಕ ಕೂರಿಸುತ್ತೇನೆ. ಎಷ್ಟು ಬೀಜ ಸುರಿದೆ, ಎಷ್ಟು ಎಣ್ಣೆ ಇಳಿಯಿತು, ಅವರೇ ನೋಡಲಿ. ಕೆಲವರು ಕೊಳ್ಳುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ತಾಳ್ಮೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಸುಬಿನಲ್ಲಿ ಅದಕ್ಕೆ ಲೆಕ್ಕ ಇದೆ, ಎರಡು ಮೂರು ದಿನ. ಆಡಿಸಿದ ಎಣ್ಣೆ ತಿಳಿಯಾಗಲು ಅಷ್ಟು ಬೇಕು. ಒಂದು ದೀಪಾವಳಿಗೆ ಆಸೆಗೆ ಬಿದ್ದು ಮಾರನೇ ದಿನವೇ ತುಂಬಿಸಿ ಕೊಟ್ಟೆ. ತಳದಲ್ಲಿ ಮಡ್ಡಿ ನಿಂತು ಬಾಟಲಿಗಳು ಸಾಲಾಗಿ ವಾಪಸ್ ಬಂದವು.

ಮೊಬೈಲ್ ಅಂಗಡಿ ಇತ್ತು, ಮೈಸೂರು

ನಾನು ಸೋತವನು, ನನ್ನದೂ ಕೇಳಿ. ಮಾತು, ಧೈರ್ಯ, ಊರ ತುಂಬ ಸ್ನೇಹಿತರು, ನನಗೆ ಎಲ್ಲಾ ಇತ್ತು. ಉದ್ಘಾಟನೆಗೆ ಇನ್ನೂರು ಜನ ಬಂದಿದ್ದರು! ಅವರಲ್ಲಿ ಮೂವತ್ತು ಜನ ಸಾಲಕ್ಕೆ ಫೋನ್ ತೆಗೆದುಕೊಂಡರು. ಗಲ್ಲಾದಲ್ಲಿ ದುಡ್ಡು ಕಂಡರೆ ಅದೆಲ್ಲ ಲಾಭ ಅಂತ ತಿಳಿದು ಖರ್ಚು ಮಾಡಿದೆ, ಡೀಲರಿಗೆ ಕಟ್ಟಬೇಕಾದ್ದೂ ಅದರಲ್ಲೇ ಇತ್ತು. ಮೊದಲ ಅಂಗಡಿ ಕಾಲೂರುವ ಮೊದಲೇ ಎರಡನೆಯದು ತೆರೆದೆ. ಒಂದೂವರೆ ವರ್ಷಕ್ಕೆ ಎರಡೂ ಮುಚ್ಚಿದವು. ಧೈರ್ಯ ಬೇಕು ಅನ್ನುವವರನ್ನು ಕಂಡರೆ ನನಗೆ ಈಗ ಭಯ.

ಬೇಕರಿ, ಬೆಂಗಳೂರು

ಮೇಲಿನವರ ಗಲ್ಲಾದ ಕಥೆ ನನ್ನದೂ ಹೌದು, ನಾನು ಹೇಗೋ ಬಚಾವಾದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂತಲ್ಲ, ನಮ್ಮ ಬೀದಿಯಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ಬ್ರೆಡ್ಡಿಗೆ, ಹಾಲಿಗೆ ಜಿಎಸ್‌ಟಿ ಇಲ್ಲ, ಅದು ಸರಿ. ಆದರೆ ಯಾವುದು ಬ್ರೆಡ್ಡಿನ ದುಡ್ಡು, ಯಾವುದು ಪಫ್ಸಿನದು, ಯಾವುದು ತಂಗಿ ಕಳಿಸಿದ್ದು, ಯಾವುದು ಚೀಟಿಯದು? ಎಲ್ಲಾ ಒಂದೇ ಅಕೌಂಟಿನಲ್ಲಿ. ತಪ್ಪು ನನ್ನದೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅನ್ನುವುದನ್ನೂ ಆಗಲೇ ಸರಿಯಾಗಿ ತಿಳಿದುಕೊಂಡದ್ದು.

ಈಗ ಶಟರ್ ಎಳೆದ ಮೇಲೆ ಇಪ್ಪತ್ತು ನಿಮಿಷ ಪುಸ್ತಕ ಬರೆಯುತ್ತೇನೆ. ಅಂಗಡಿಗೆ ಬೇರೆ ಅಕೌಂಟು. ಮನೆಗೆ ತಿಂಗಳಿಗೆ ಇಷ್ಟೇ ಸಂಬಳ, ನಾನೇ ನನಗೆ ಕೊಟ್ಟುಕೊಳ್ಳುವುದು. ದಿನವೂ ಪಿಗ್ಮಿ ಕಟ್ಟುತ್ತೇನೆ. 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಪದ್ಧತಿ ಅದು. ನಮ್ಮಪ್ಪ ಮೊದಲ ಓವನ್ ತಂದದ್ದು ಪಿಗ್ಮಿ ದುಡ್ಡಿನಲ್ಲೇ. ವ್ಯಾಪಾರ ಆಗದ ದಿನವೂ ಕಲೆಕ್ಷನ್‌ನವರು ಬಂದು ನಿಲ್ಲುತ್ತಾರೆ, ಬರಿಗೈಯಲ್ಲಿ ಕಳಿಸಲು ನಾಚಿಕೆ. ನನ್ನ ಶಿಸ್ತು ಅಂತ ಜನ ಹೊಗಳುತ್ತಾರೆ, ನಿಜವಾಗಿ ಅದು ಆ ನಾಚಿಕೆ.

ಕೇಳಿದವರು, ತಿಪಟೂರು

ಎಲ್ಲರಿಗೂ ನಮಸ್ಕಾರ. ರೊಟ್ಟಿ ಅಕ್ಕನ ಕುರ್ಚಿ ವಿಷಯ ಮನೆಯಲ್ಲಿ ಓದಿ ಹೇಳಿದೆ, ಮಾವ ಕೂಡ ನಕ್ಕರು. ಸಂಕೋಚಕ್ಕೆ ರೇಟು ಇಳಿಸುವವನು ನಾನೇ, ಅದೊಂದೇ ಭಯ ಉಳಿದಿದೆ. ಗಾಣದವರೇ, ಆಡಿಸಿ ಉಳಿದ ಹಿಂಡಿ ಏನು ಮಾಡುತ್ತೀರಿ?

ಗಾಣದವರು, ತುಮಕೂರು

ದನ ಕಟ್ಟಿದವರು ಮೊದಲೇ ಹೇಳಿಟ್ಟು ಒಯ್ಯುತ್ತಾರೆ. ಅದರ ದುಡ್ಡು ಹಿಡಿಯದೆ ಎಣ್ಣೆಯ ರೇಟು ಕಟ್ಟಬೇಡಿ. ಗಾಣ ಕೊಳ್ಳುವ ಮೊದಲು ಒಂದು ವಾರ ನಮ್ಮಲ್ಲಿಗೆ ಬನ್ನಿ. ಚೀಲ ಬಿಚ್ಚುವ ದಿನವೇ ಬನ್ನಿ.