ಹದಿನೈದರ ದಿಗಿಲು ಇಪ್ಪತ್ತಾರಕ್ಕೂ ಬೆನ್ನು ಬಿಡದೇ?

ಪ್ರಶ್ನೆ:
ನನಗೀಗ 26. ಹದಿನೈದರಲ್ಲಿ ರಾತ್ರಿ ಎರಡರವರೆಗೆ ಓದು, ಬೆಳಿಗ್ಗೆ ಐದೂವರೆಗೆ ಅಲಾರಂ. ಅಂಕ ಕಡಿಮೆ ಬಂದ ದಿನ ಊಟಕ್ಕೆ ಕುಳಿತರೆ ಯಾರೂ ಮಾತನಾಡುತ್ತಿರಲಿಲ್ಲ; ತಟ್ಟೆಯ ಸದ್ದಷ್ಟೇ. ಈಗ ಮೇಲಧಿಕಾರಿ "ಸ್ವಲ್ಪ ಬನ್ನಿ" ಎಂದರೆ ಸಾಕು, ಅಂಗೈ ಬೆವರುತ್ತದೆ, ಹೊಟ್ಟೆ ಹಿಂಡುತ್ತದೆ. ಇವೆರಡಕ್ಕೂ ನಂಟಿದೆಯೇ, ಅಥವಾ ಎಲ್ಲವನ್ನೂ ಹಳೆಯ ದಿನಗಳ ತಲೆಗೆ ಕಟ್ಟುತ್ತಿದ್ದೇನೆಯೇ?

ಉತ್ತರ 1:
ನಂಟು ಇರಬಹುದು. ಭಾವನೆಗಳಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಬಲಿಯುವುದು ಸುಮಾರು 25ರ ಹೊತ್ತಿಗೆ. ಅದಕ್ಕೂ ಮೊದಲು ವರ್ಷಗಟ್ಟಲೆ ಒತ್ತಡದಲ್ಲಿದ್ದರೆ ದೇಹ ಸಣ್ಣ ಸೂಚನೆಗೂ ಬೆಚ್ಚುವುದನ್ನು ರೂಢಿಸಿಕೊಳ್ಳಬಹುದು. ನಿದ್ದೆಯ ವಿಷಯವಂತೂ ಅನ್ಯಾಯ: ಹರೆಯದಲ್ಲಿ ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವ ಹಾರ್ಮೋನು ಮೆಲಟೋನಿನ್ ಸ್ರವಿಸುವುದೇ ರಾತ್ರಿ ತಡವಾಗಿ, ಬೇಕಾದ ನಿದ್ದೆ 8ರಿಂದ 10 ಗಂಟೆ. ನಿಮಗೆ ಸಿಕ್ಕಿದ್ದು ಮೂರೂವರೆ!

ಉತ್ತರ 2:
ನಂಟಿದೆ ಎಂದಮಾತ್ರಕ್ಕೆ ಹಣೆಬರಹವಲ್ಲ. ನನ್ನ ಮನೆಯಲ್ಲೂ ಅದೇ ಮೌನವಿತ್ತು, ಆದರೆ ಸಂಜೆ ವಾಲಿಬಾಲ್ ಇತ್ತು, ಸೋತರೂ ಬೆನ್ನು ತಟ್ಟುವ ತರಬೇತುದಾರರಿದ್ದರು. ನಂಬಬಹುದಾದ ಹಿರಿಯರು ಒಬ್ಬರಿದ್ದರೂ ಬಹಳ ವ್ಯತ್ಯಾಸವಾಗುತ್ತದೆ. ನಿಮಗೆ ಅಂಥವರು ಯಾರಾದರೂ ಇದ್ದರೇ? ಹೊಟ್ಟೆ ಹಿಂಡುವುದು ವಾರಗಟ್ಟಲೆ ನಡೆದಿದ್ದರೆ ವೈದ್ಯರಿಗೂ ತೋರಿಸಿ. ಆತಂಕಕ್ಕೆ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಯ ರೂಢಿಗಳನ್ನು ಮಾತುಕತೆಯ ಮೂಲಕ ಬದಲಿಸಲು ಕಲಿಸುವ ಚಿಕಿತ್ಸೆ) ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವರು:
ಅಜ್ಜಿ ಇದ್ದರು. ಅಂಕ ಕೇಳುತ್ತಿರಲಿಲ್ಲ, "ಮಲಗು" ಎಂದು ದೀಪ ಆರಿಸುತ್ತಿದ್ದರು. ನಾನೇ ಎದ್ದು ಮತ್ತೆ ಹಚ್ಚುತ್ತಿದ್ದೆ. ಮುಂದಿನ ವಾರ ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಿದ್ದೇನೆ.