ಮುಂಬೈ ಟ್ರಾಫಿಕ್ಕಿನಲ್ಲಿ ಓಡುವ ಪೆಟ್ರೋಲ್ ಕಾರಿಗೆ ಯಾವ ಸಿಂಥೆಟಿಕ್ ಆಯಿಲ್ ಸರಿ?

ಪ್ರಶ್ನೆ: ಠಾಣೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2021ರ ಮಾದರಿಯ, ಬಿಎಸ್-6 ಪ್ರಮಾಣದ, 1.2 ಲೀಟರಿನ ಪೆಟ್ರೋಲ್ ಕಾರು, ಟರ್ಬೊ ಇಲ್ಲ. ವಾರದ ದಿನಗಳಲ್ಲಿ ಘೋಡ್‌ಬಂದರ್ ರಸ್ತೆಯ ಮೇಲೆ ಅಂಧೇರಿಯ ಕಚೇರಿಗೆ ಹೋಗಿಬರುತ್ತೇನೆ. ಅಂದರೆ ಬಹುಪಾಲು ಹೊತ್ತು ಒಂದನೆಯ, ಎರಡನೆಯ ಗೇರಿನಲ್ಲಿಯೇ ತೆವಳುತ್ತೇನೆ. ಗಣೇಶ ಚತುರ್ಥಿಗೂ ಬೇಸಿಗೆ ರಜೆಗೂ ಮನೆಮಂದಿಯನ್ನೂ ಸಾಮಾನನ್ನೂ ಹೇರಿಕೊಂಡು ಖಂಡಾಳಾ, ಖಂಬಾಟ್ಕಿ ಘಾಟಿಗಳನ್ನು ಹತ್ತಿಳಿದು, ಕೊಲ್ಹಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವುದುಂಟು. ಈ ಗಾಡಿಯನ್ನು 15 ವರ್ಷದ ನೋಂದಣಿ ಮುಗಿಯುವವರೆಗೆ, ಸಾಧ್ಯವಾದರೆ ಮರುನೋಂದಣಿ ಮಾಡಿಸಿ ಅದರಾಚೆಗೂ ಇಟ್ಟುಕೊಳ್ಳುವ ಆಸೆ ಇದೆ.

ಕಾರಿನ ಕೈಪಿಡಿಯಲ್ಲಿ 0ಡಬ್ಲ್ಯೂ-20 ಆಯಿಲನ್ನು ಮೊದಲ ಆಯ್ಕೆಯೆಂದೂ, 5ಡಬ್ಲ್ಯೂ-30 ಕೂಡ ನಡೆಯುತ್ತದೆಂದೂ ಬರೆದಿದ್ದಾರೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ಮಾತ್ರ, 0ಡಬ್ಲ್ಯೂ-20 ಚಳಿದೇಶದವರ ಎಣ್ಣೆ, ಮುಂಬೈ ಸೆಖೆಗೆ ಅದು ನೀರಾಗಿಬಿಡುತ್ತದೆ, 5ಡಬ್ಲ್ಯೂ-40 ಆದರೂ ಹಾಕಿಸಿ, 20ಡಬ್ಲ್ಯೂ-50 ಆದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ. ಅಂಗಡಿಗೆ ಹೋದರೆ ಒಂದೇ ಗ್ರೇಡಿನ ಎರಡು ಡಬ್ಬಿಗಳ ಮೇಲೂ ‘ಫುಲ್ಲಿ ಸಿಂಥೆಟಿಕ್’ ಎಂದಿರುತ್ತದೆ, ಆದರೆ ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ದುಬಾರಿಯದನ್ನು ಹಾಕಿಸಿದರೆ 15,000 ಕಿಲೋಮೀಟರು ನಿಶ್ಚಿಂತೆ ಎಂದು ಅಂಗಡಿಯವರ ಭರವಸೆ. ಎಂಜಿನ್ನಿನ ಆಯುಷ್ಯವೇ ಮುಖ್ಯ ಎಂದುಕೊಂಡವನು ಇವುಗಳಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಭೋಸರಿ, ಪುಣೆಯಿಂದ

ನಾನು ಎಂಜಿನ್ ಬಿಡಿಭಾಗಗಳ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಸೆಖೆಯ ವಿಷಯ. ಹೊರಗೆ 20 ಡಿಗ್ರಿ ಇರಲಿ, 38 ಡಿಗ್ರಿ ಇರಲಿ, ಬಿಸಿಯಾದ ಎಂಜಿನ್ನಿನೊಳಗಿನ ಕೂಲಂಟಿನ ಉಷ್ಣತೆಯನ್ನು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಫ್ಯಾನು ಸೇರಿ ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿಯೇ ಹಿಡಿದಿಡುತ್ತವೆ. ಆಯಿಲಿನ ಉಷ್ಣತೆ ಅದಕ್ಕಿಂತ ತುಸು ಮೇಲೆ ಇರುತ್ತದೆ. ಹಾಗಾಗಿ ಮುಂಬೈಯ ಸೆಖೆ ಆಯಿಲನ್ನು ನೀರು ಮಾಡುತ್ತದೆ ಎಂಬ ಮಾತಿಗೆ ಹೆಚ್ಚಿನ ಆಧಾರವಿಲ್ಲ. ಆಯಿಲಿಗೆ ನಿಜವಾದ ಕಷ್ಟ ಕೊಡುವುದು ತುಂಬಿದ ಗಾಡಿಯನ್ನು ಘಾಟಿ ಹತ್ತಿಸುವಾಗಿನ ಹೊರೆ, ಮತ್ತು ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಉರಿಯುವ ನಿಮ್ಮ ದಿನದ ಓಡಾಟ.

ಗ್ರೇಡಿನಲ್ಲಿರುವ ಎರಡು ಅಂಕಿಗಳಲ್ಲಿ ಹಿಂದಿನದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪವಿರಬೇಕೆಂಬುದನ್ನು ಹೇಳುತ್ತದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಪ್ರಮಾಣದಂತೆ 20ರ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ಸ್ (ದ್ರವದ ದಪ್ಪ ಅಳೆಯುವ ಮಾನ), 30ರದ್ದು 9.3ರಿಂದ 12.5, 40ರದ್ದು 12.5ರಿಂದ 16.3ರ ನಡುವೆ ಇರಬೇಕು. ಮುಂದಿನ ಅಂಕಿ ಚಳಿಯಲ್ಲಿನ ನಡವಳಿಕೆಗೆ ಸಂಬಂಧಿಸಿದ್ದು. ನಮ್ಮಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಅದು ನಮಗೆ ಬೇಡದ ಅಂಕಿ ಎಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಆದರೆ ಠಾಣೆಯ ಬೆಳಗಿನ 25 ಡಿಗ್ರಿ ಕೂಡ ಆಯಿಲಿನ ಪಾಲಿಗೆ ತಣ್ಣಗಿನದೇ. 40 ಡಿಗ್ರಿಯಲ್ಲಿ 0ಡಬ್ಲ್ಯೂ-20 ಸುಮಾರು 45 ಸೆಂಟಿಸ್ಟೋಕ್ಸಿನಷ್ಟು ದಪ್ಪವಿದ್ದರೆ, 20ಡಬ್ಲ್ಯೂ-50 ಸುಮಾರು 160ರಷ್ಟು ಇರುತ್ತದೆ. 25ಕ್ಕೆ ಇಳಿದರೆ ಎರಡೂ ಇನ್ನಷ್ಟು ದಪ್ಪವಾಗುತ್ತವೆ. ರಾತ್ರಿಯೆಲ್ಲ ನಿಂತ ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟಿಗೆ ಆಯಿಲ್ ತಲುಪುವ ಮೊದಲ ಕ್ಷಣಗಳಲ್ಲಿಯೇ ಸವೆತ ಹೆಚ್ಚು. ಆ ಹೊತ್ತಿನಲ್ಲಿ ಬೇಗ ಮೇಲೇರುವ ಆಯಿಲೇ ಮೇಲು. ಜೊತೆಗೆ ಈಗಿನ ಎಂಜಿನ್ನುಗಳಲ್ಲಿ ವಾಲ್ವ್ ತೆರೆಯುವ ಸಮಯವನ್ನು ಹಿಂದೆಮುಂದೆ ಮಾಡುವ ವ್ಯವಸ್ಥೆ ಆಯಿಲಿನ ಒತ್ತಡದಿಂದಲೇ ನಡೆಯುತ್ತದೆ. ಸಣ್ಣ ಸಣ್ಣ ದಾರಿಗಳಲ್ಲಿ ಅತಿ ದಪ್ಪನೆಯ ಆಯಿಲ್ ಸರಿಯಾಗಿ ಹರಿಯದು. 20ಡಬ್ಲ್ಯೂ-50 ನಿಮ್ಮ ಎಂಜಿನ್ನಿಗಂತೂ ಬೇಡವೇ ಬೇಡ.

ಹಾಗೆಂದು ಮೇಸ್ತ್ರಿಯವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. 150 ಡಿಗ್ರಿಯಲ್ಲಿ, ವೇಗವಾಗಿ ತಿರುಗುವ ಬೇರಿಂಗಿನೊಳಗಿನಂಥ ಎಳೆತದಲ್ಲಿ ಆಯಿಲಿನ ಪದರ ಎಷ್ಟು ಗಟ್ಟಿ ಉಳಿಯುತ್ತದೆಂದು ಅಳೆಯುವ ಎಚ್‌ಟಿಎಚ್‌ಎಸ್ ಎಂಬ ಪರೀಕ್ಷೆ ಇದೆ. ಅದರಲ್ಲಿ 20ರ ಗ್ರೇಡಿಗೆ ಕನಿಷ್ಠ 2.6, 30ರದ್ದಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5 ಬೇಕು. ಅಂಕಿ ಏರಿದಷ್ಟೂ ಬೇರಿಂಗಿಗೆ ರಕ್ಷಣೆ ಹೆಚ್ಚು, ಇಂಧನದ ಖರ್ಚೂ ತುಸು ಹೆಚ್ಚು. ತಯಾರಕರು 0ಡಬ್ಲ್ಯೂ-20ನ್ನು ಮೊದಲು ಹೆಸರಿಸುವುದರ ಹಿಂದೆ ಮೈಲೇಜಿನ ಲೆಕ್ಕವೂ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನಿಮ್ಮ ಕೈಪಿಡಿಯೇ 5ಡಬ್ಲ್ಯೂ-30ಕ್ಕೆ ಒಪ್ಪಿಗೆ ಕೊಟ್ಟಿರುವಾಗ, ತುಂಬಿದ ಗಾಡಿಯಲ್ಲಿ ಘಾಟಿ ಹತ್ತುವ ನಿಮ್ಮಂಥವರು ಅದನ್ನೇ ಆರಿಸಿಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಸರಿ. ಕೈಪಿಡಿಯಲ್ಲಿ ಇಲ್ಲದ 5ಡಬ್ಲ್ಯೂ-40ಕ್ಕೆ ಹೋಗುವ ಕಾರಣ ನನಗೆ ಕಾಣುವುದಿಲ್ಲ.

ಇನ್ನು ದುಪ್ಪಟ್ಟು ಬೆಲೆಯ ವಿಷಯ. ಆಯಿಲಿನ ಬಹುಪಾಲು ಮೂಲತೈಲ, ಉಳಿದದ್ದು ಬೆರಕೆಯ ರಾಸಾಯನಿಕಗಳು. ಮೂಲತೈಲಗಳನ್ನು ಅಮೆರಿಕದ ತೈಲೋದ್ಯಮದ ಎಪಿಐ ಸಂಸ್ಥೆ ಐದು ಗುಂಪುಗಳಾಗಿ ವಿಂಗಡಿಸಿದೆ. ಮೂರನೆಯ ಗುಂಪಿನದು ಕಚ್ಚಾತೈಲದಿಂದಲೇ ಬಂದದ್ದು. ಅದನ್ನು ಹೆಚ್ಚಿನ ಒತ್ತಡದಲ್ಲಿ ಜಲಜನಕದೊಡನೆ ಸಂಸ್ಕರಿಸಿ ಅಣುಗಳನ್ನೇ ಬದಲಿಸಿರುತ್ತಾರೆ. ನಾಲ್ಕನೆಯದು ಪಿಎಒ, ಅಂದರೆ ಸಣ್ಣ ಅಣುಗಳನ್ನು ಜೋಡಿಸಿ ಕಟ್ಟಿದ ತೈಲ. 1999ರಲ್ಲಿ ಅಮೆರಿಕದ ಜಾಹೀರಾತು ವಿವಾದವೊಂದರಲ್ಲಿ ಮೂರನೆಯ ಗುಂಪಿನದನ್ನೂ ಸಿಂಥೆಟಿಕ್ ಎಂದು ಮಾರಬಹುದೆಂಬ ತೀರ್ಮಾನ ಬಂದ ಮೇಲೆ ಬಹುತೇಕ ಎಲ್ಲೆಡೆ ಅದೇ ರೂಢಿಯಾಯಿತು. ಹೀಗಾಗಿ ನೀವು ಕಂಡ ಎರಡು ಡಬ್ಬಿಗಳಲ್ಲಿ ಮೂಲತೈಲ ಬೇರೆಬೇರೆ ಇದ್ದಿರಬಹುದು. ಒಂದೇ ಇದ್ದು, ಜಾಹೀರಾತಿನ ಖರ್ಚಷ್ಟೇ ಬೇರೆ ಇದ್ದಿರಲೂಬಹುದು. ಪಿಎಒ ತೈಲದ ದೊಡ್ಡ ಹೆಗ್ಗಳಿಕೆ ಮೈನಸ್ ಮೂವತ್ತು, ನಲವತ್ತು ಡಿಗ್ರಿಯಲ್ಲೂ ಹರಿಯುವುದು. ಮುಂಬೈಯಲ್ಲಿ ಅದಕ್ಕೆ ಹಣ ಕೊಡುವುದು ದಂಡ.

ಅದಕ್ಕಿಂತ ಡಬ್ಬಿಯ ಹಿಂಬದಿಯನ್ನು ಓದಿ. ಪೆಟ್ರೋಲ್ ಕಾರಿಗೆ ಎಪಿಐಯ ಎಸ್‌ಪಿ ದರ್ಜೆ ಮತ್ತು ಕಾರು ತಯಾರಕರ ಜಂಟಿ ಸಮಿತಿಯಾದ ಐಎಲ್‌ಎಸ್‌ಎಸಿಯ ಜಿಎಫ್-6ಎ ಎಂದಿದ್ದರೆ ಸಾಕು. ಇವೆರಡೂ 2020ರ ಮೇ ತಿಂಗಳಿನಲ್ಲಿ ಜಾರಿಗೆ ಬಂದವು. 2025ರಲ್ಲಿ ಬಂದ ಎಸ್‌ಕ್ಯೂ ಮತ್ತು ಜಿಎಫ್-7 ಸಿಕ್ಕರೆ ಅವೂ ಆಗುತ್ತವೆ. ಎಸ್‌ಪಿಯಲ್ಲಿ ಟೈಮಿಂಗ್ ಚೈನಿನ ಸವೆತಕ್ಕೆಂದೇ ಒಂದು ಪರೀಕ್ಷೆ ಸೇರಿದೆ. ಹಳೆಯ ಎಸ್‌ಎಲ್ ದರ್ಜೆಯ ದಪ್ಪ ಆಯಿಲ್ ಹಾಕಿಸಿದವರಿಗೆ ಇದರ ಪ್ರಯೋಜನ ಇಲ್ಲ. ಜಿಎಫ್-6ರಲ್ಲಿ ಇನ್ನೊಂದು ಪರೀಕ್ಷೆಯೂ ಇದೆ: ಎಥೆನಾಲ್ ಬೆರೆತ ಇಂಧನ ಮತ್ತು ನೀರು ಆಯಿಲಿಗೆ ಇಳಿದಾಗ ಅವು ಬೇರ್ಪಟ್ಟು ತಳದಲ್ಲಿ ನಿಲ್ಲದೆ ಆಯಿಲಿನೊಳಗೇ ಹರಡಿಕೊಂಡಿರಬೇಕು. ಶೇಕಡ 20ರ ಎಥೆನಾಲ್ ಬೆರೆತ ಪೆಟ್ರೋಲನ್ನೇ ಬಂಕಿನಲ್ಲಿ ಹಾಕಿಸುವ ನಮಗೆ ಇದು ಸಣ್ಣ ವಿಷಯವಲ್ಲ.

ಉತ್ತರ: ಮಡಗಾಂವ್, ಗೋವಾದಿಂದ

ಭೋಸರಿಯ ಹಿರಿಯರು ಗ್ರೇಡಿನ ವಿಷಯ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಇಲ್ಲಿ ಗ್ಯಾರೇಜ್ ನಡೆಸುವವನು; ನನ್ನ ಮಾತು 15,000 ಕಿಲೋಮೀಟರಿನ ಭರವಸೆಯ ಬಗ್ಗೆ. ಅದನ್ನು ದಯವಿಟ್ಟು ನಂಬಬೇಡಿ.

ಕಿಲೋಮೀಟರಿನ ಲೆಕ್ಕ ಊರೊಳಗಿನ ಗಾಡಿಗೆ ಮೋಸದ ಲೆಕ್ಕ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಓಡುವ ಕಾರು 10,000 ಕಿ.ಮೀ. ಮುಗಿಸುವಷ್ಟರಲ್ಲಿ ಅದರ ಎಂಜಿನ್ ಸುಮಾರು 167 ಗಂಟೆ ದುಡಿದಿರುತ್ತದೆ. ಸರಾಸರಿ 20ರಲ್ಲಿ ತೆವಳುವ ನಿಮ್ಮ ಕಾರು ಅಷ್ಟೇ ದೂರಕ್ಕೆ 500 ಗಂಟೆ ದುಡಿದಿರುತ್ತದೆ. ಮೀಟರು ಎರಡರಲ್ಲೂ ಒಂದೇ ಅಂಕಿ ತೋರಿಸುತ್ತದೆ, ಆಯಿಲಿನ ಸ್ಥಿತಿ ಮಾತ್ರ ಒಂದೇ ಆಗಿರುವುದಿಲ್ಲ. ನಿಮ್ಮ ಕೈಪಿಡಿಯ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆ ಎಂಬ ಅರ್ಥದ ಒಂದು ಪಟ್ಟಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ: ನಿಂತು ಸಾಗುವ ಸಂಚಾರ, ಕಡಿಮೆ ದೂರದ ಓಡಾಟ, ಧೂಳು, ಘಾಟಿ. ಮುಂಬೈಯ ಕಾರು ಈ ಪಟ್ಟಿಯಿಂದ ಹೊರಗೆ ಉಳಿಯುವುದೇ ಅಪರೂಪ. ಅಂಥ ಬಳಕೆಗೆ ಹಲವು ತಯಾರಕರು ಅವಧಿಯನ್ನು ಅರ್ಧಕ್ಕೆ ಇಳಿಸಿರುತ್ತಾರೆ.

ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಇನ್ನೊಂದು ಸಂಗತಿ ಕಾಣುತ್ತದೆ. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರುಗಳ ಆಯಿಲ್ ಎಂದೂ ಪೂರ್ತಿ ಬಿಸಿಯಾಗುವುದೇ ಇಲ್ಲ. ಉರಿದ ಇಂಧನದ ನೀರಾವಿ, ಉರಿಯದೆ ಉಳಿದ ಪೆಟ್ರೋಲು ಪಿಸ್ಟನ್ ರಿಂಗುಗಳ ಪಕ್ಕದಿಂದ ಕೆಳಗಿಳಿದು ಅಲ್ಲಿಯೇ ಉಳಿಯುತ್ತವೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಬದಿಗೆ ಮಜ್ಜಿಗೆಯಂಥ ಪದರ ಹತ್ತಿರುತ್ತದೆ. ಅಂಥ ಗಾಡಿಯನ್ನು ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಬಹಳಷ್ಟು ಆವಿಯಾಗಿ ಹೋಗುತ್ತದೆ. ನಿಮ್ಮ ಕಾರಿಗೆ ಈ ತೊಂದರೆ ಕಡಿಮೆ, ಏಕೆಂದರೆ ನಿಧಾನವಾದರೂ ಅದು ಬಿಸಿಯಾಗುವಷ್ಟು ಹೊತ್ತು ಓಡುತ್ತದೆ.

ನನ್ನ ಸಲಹೆ ಇಷ್ಟು: ಮಧ್ಯಮ ಬೆಲೆಯ ಒಳ್ಳೆಯ ಸಿಂಥೆಟಿಕ್ ಹಾಕಿಸಿ, 6,000ದಿಂದ 7,000 ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಿಸಿ, ಪ್ರತಿ ಸಲವೂ ಫಿಲ್ಟರ್ ಹೊಸದಿರಲಿ. ದುಬಾರಿ ಆಯಿಲನ್ನು ಎರಡು ಪಟ್ಟು ಎಳೆಯುವುದಕ್ಕಿಂತ ಇದರಿಂದ ಎಂಜಿನ್ ಸ್ವಚ್ಛವಾಗಿರುತ್ತದೆ. ಆಯಿಲ್ ಕಪ್ಪಾಯಿತೆಂದು ಗಾಬರಿಯಾಗಬೇಡಿ. ಮಸಿಯನ್ನು ಹಿಡಿದಿಡುವುದು ಅದರ ಕೆಲಸ. ಡಿಪ್‌ಸ್ಟಿಕ್ಕಿನ ಮಟ್ಟವನ್ನು ಮಾತ್ರ ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷಗಳಾದ ಮೇಲೆ ನೋಡುತ್ತಿರಿ. ಮೇಲಿನ ಗೆರೆಗಿಂತ ಹೆಚ್ಚು ಸುರಿಯುವ ಕೆಲಸಗಾರರೂ ಇದ್ದಾರೆ; ಅದೂ ಕೆಡುಕೇ. ಮತ್ತೆ, ಡಬ್ಬಿಯ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಸಿ, ಖಾಲಿ ಡಬ್ಬಿಗೆ ತೂತು ಹೊಡೆಸಿ ಬನ್ನಿ. ಖಾಲಿ ಡಬ್ಬಿಗಳಿಗೆ ನಮ್ಮ ದೇಶದಲ್ಲಿ ಗಿರಾಕಿಗಳಿದ್ದಾರೆ.

ಉತ್ತರ: ಡೊಂಬಿವಲಿಯಿಂದ

ಮೇಲಿನ ಇಬ್ಬರಿಗೂ ವಂದನೆಗಳು, ಆದರೆ ಒಂದು ತಕರಾರು ಇದೆ. ನನ್ನ ಬಳಿ ಬಿಎಸ್-3 ಕಾಲದ ಡೀಸೆಲ್ ಗಾಡಿ ಇದೆ. ಅದಕ್ಕೆ ಮೊದಲಿನಿಂದಲೂ ಸಾಮಾನ್ಯ 15ಡಬ್ಲ್ಯೂ-40 ಖನಿಜ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಹಾಕಿಸುತ್ತ ಬಂದಿದ್ದೇನೆ. ಎಂಜಿನ್ ಬಿಚ್ಚಿಸುವ ಪ್ರಸಂಗ ಬಂದಿಲ್ಲ. ಅರ್ಧ ಅವಧಿಗೇ ಬದಲಿಸುವುದಾದರೆ ಸಿಂಥೆಟಿಕ್ಕಿನ ಖರ್ಚಾದರೂ ಏಕೆ?

ಉತ್ತರ: ಭೋಸರಿ, ಪುಣೆಯಿಂದ

ನಿಮ್ಮ ಗಾಡಿಯ ಮಟ್ಟಿಗೆ ನೀವು ಮಾಡುತ್ತಿರುವುದು ಸರಿಯೇ, ಅದನ್ನು ಬದಲಿಸಬೇಡಿ. ಆ ಎಂಜಿನ್ನನ್ನು ಆ ಆಯಿಲಿಗೆಂದೇ ರೂಪಿಸಿದ್ದಾರೆ. ಆದರೆ ಪ್ರಶ್ನೆ ಕೇಳಿದವರ ಕಾರಿನ ಕೈಪಿಡಿ ಮೊದಲು ಹೆಸರಿಸಿದ 0ಡಬ್ಲ್ಯೂ-20ರಲ್ಲಿ ಆ ಅವಕಾಶವೇ ಇಲ್ಲ. 0ಡಬ್ಲ್ಯೂ ದರ್ಜೆಯ ಆಯಿಲನ್ನು ಸಾಮಾನ್ಯ ಖನಿಜ ತೈಲದಿಂದ ಮಾಡಲು ಬರುವುದಿಲ್ಲ. ಮೊದಲ ಗುಂಪಿನ ಖನಿಜ ತೈಲವನ್ನು ಆ ಚಳಿಯ ಪರೀಕ್ಷೆ ದಾಟುವಷ್ಟು ತೆಳುವಾಗಿಸಿದರೆ ಅದು ಬಿಸಿ ಎಂಜಿನ್ನಿನಲ್ಲಿ ಆವಿಯಾಗಿ ಹೋಗುತ್ತದೆ. ಜಿಎಫ್-6 ಪ್ರಮಾಣ 250 ಡಿಗ್ರಿಯ ಪರೀಕ್ಷೆಯಲ್ಲಿ ಶೇಕಡ 15ಕ್ಕಿಂತ ಹೆಚ್ಚು ಆವಿಯಾಗಲು ಬಿಡುವುದಿಲ್ಲ. ಆಮ್ಲಜನಕದೊಡನೆ ಬೆರೆತು ಹಾಳಾಗುವ ವೇಗ ಕಡಿಮೆಯೆಂಬುದು ಸಿಂಥೆಟಿಕ್ಕಿನ ಇನ್ನೊಂದು ಗುಣ; ಪಿಸ್ಟನ್ ರಿಂಗುಗಳು ಕೂರುವ ತೋಡಿನಲ್ಲಿ ಕಿಟ್ಟ ಕಟ್ಟದಿರುವುದು ಇದರಿಂದಲೇ.

ನಿಮ್ಮಲ್ಲಿ ಯಾರಾದರೂ ಬಿಎಸ್-6 ಡೀಸೆಲ್ ಇಟ್ಟುಕೊಂಡಿದ್ದರೆ ಮಾತ್ರ ಎಚ್ಚರ. ಅದರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಆಯಿಲಿನ ಬೂದಿ ಅದರಲ್ಲಿ ಕೂತರೆ ಸುಟ್ಟು ಹೋಗುವುದಿಲ್ಲ. ಅಂಥ ಗಾಡಿಗೆ ಕೈಪಿಡಿ ಹೇಳಿದ, ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎಯ ಸಿ2 ಅಥವಾ ಸಿ3 ದರ್ಜೆಯಂಥ, ಬೂದಿಯ ಅಂಶ ಶೇಕಡ 0.8ನ್ನು ಮೀರದ ಆಯಿಲೇ ಬೇಕು. ಹಳೆಯ ಡೀಸೆಲಿನ ಆಯಿಲನ್ನು ಅದಕ್ಕೆ ಸುರಿದರೆ ಎಂಜಿನ್ ಉಳಿದೀತು, ಡಿಪಿಎಫ್ ಉಳಿಯದು. ಅದರ ಬೆಲೆ ಕೇಳಿದವರಿಗೆ ಗೊತ್ತು.

ಪ್ರಶ್ನೆ ಕೇಳಿದವರಿಂದ: ಠಾಣೆ

ತಮಗೆಲ್ಲ ಧನ್ಯವಾದಗಳು. 5ಡಬ್ಲ್ಯೂ-30, ಎಪಿಐ ಎಸ್‌ಪಿ, 7,000 ಕಿಲೋಮೀಟರು ಎಂದು ನಿರ್ಧರಿಸಿದ್ದೇನೆ. ಕೊನೆಯದೊಂದು ಸಂದೇಹ: ಸರ್ವಿಸಿನ ಹೊತ್ತಿಗೆ ಎಂಜಿನ್ ಫ್ಲಶ್ ಮಾಡಿಸಿ, ಸವೆತ ತಡೆಯುವ ಇನ್ನೊಂದು ಬಾಟಲಿ ಬೆರೆಸಿ ಎಂದು ಒತ್ತಾಯಿಸುತ್ತಾರೆ. ಬೇಕೆ?

ಉತ್ತರ: ಭೋಸರಿ, ಪುಣೆಯಿಂದ

ಎರಡೂ ಬೇಡ. ಪ್ರಮಾಣಿತ ಆಯಿಲಿನಲ್ಲಿ ಸವೆತ ತಡೆಯುವ ಸತು ಮತ್ತು ರಂಜಕದ ಸಂಯುಕ್ತವನ್ನು ಅಳೆದು ಬೆರೆಸಿರುತ್ತಾರೆ; ರಂಜಕ ಹೆಚ್ಚಾದರೆ ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರ್ ಕೆಡುತ್ತದೆಂದು ಜಿಎಫ್-6ರಲ್ಲಿ ಅದಕ್ಕೆ ಶೇಕಡ 0.08ರ ಮಿತಿಯೂ ಇದೆ. ಹೊರಗಿನ ಬಾಟಲಿ ಈ ಲೆಕ್ಕವನ್ನು ಕೆಡಿಸುತ್ತದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವ ಎಂಜಿನ್ನಿಗೆ ಫ್ಲಶ್ ಮಾಡಿ ತೆಗೆಯಬೇಕಾದ ಕೊಳೆಯೇ ಇರುವುದಿಲ್ಲ.

ಆ ಹಣವನ್ನು ಏರ್ ಫಿಲ್ಟರಿಗೆ ಹಾಕಿ. ಮೆಟ್ರೋ ಕಾಮಗಾರಿಯ ಧೂಳಿನಲ್ಲಿ ಓಡುವ ಗಾಡಿಯ ಎಂಜಿನ್ನಿಗೆ ಸಿಲಿಕಾ ಕಣಗಳು ಹೊಕ್ಕರೆ ಯಾವ ಬೆಲೆಯ ಆಯಿಲೂ ರಿಂಗುಗಳನ್ನು ಕಾಯಲಾರದು. ಇನ್ನೂ ಕುತೂಹಲವಿದ್ದರೆ ಮುಂದಿನ ಸಲ ಇಳಿಸಿದ ಆಯಿಲಿನಲ್ಲಿ ನೂರು ಮಿಲಿಲೀಟರಿನಷ್ಟನ್ನು ಸ್ವಚ್ಛ ಬಾಟಲಿಯಲ್ಲಿ ಹಿಡಿದು, ಕಾರ್ಖಾನೆಗಳ ಆಯಿಲ್ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕೊಡಿ. ಮುಂಬೈಯಲ್ಲೂ ಪುಣೆಯಲ್ಲೂ ಅಂಥವು ಇವೆ. ವರದಿಯಲ್ಲಿ ಕಬ್ಬಿಣ, ಸಿಲಿಕಾನ್, ಬೆರೆತ ಇಂಧನ, ಉಳಿದಿರುವ ಕ್ಷಾರಗುಣ, ಈ ನಾಲ್ಕನ್ನು ನೋಡಿದರೆ ನಿಮ್ಮ ರಸ್ತೆಗೆ 7,000 ಹೆಚ್ಚೋ ಕಡಿಮೆಯೋ ತಿಳಿಯುತ್ತದೆ. ಬಂದ ಅಂಕಿಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.